ಅತ್ತಿಗೆಯ ಕೈಗೆ ಅಂಟಿದ ಹೆಸರು

ನಿಮ್ಮ ಅತ್ತೆಜ್ಜಿ ರುಕ್ಕಮ್ಮನ ಕೈ ಸಡಿಲವಲ್ಲ. ಅಂದು ತಂತಿಯ ತುದಿಯನ್ನು ಸಡಿಲವಾಗಿ ಒತ್ತಿದವಳು ನಾನು. ಒತ್ತಿ, ಬಾಯಿ ಮುಚ್ಚಿಕೊಂಡು, ಆ ಹೆಸರು ಅವಳ ಮೇಲೆ ಬೀಳುವುದನ್ನು ನೋಡುತ್ತ ನಿಂತವಳೂ ನಾನೇ.

ಕಾವ್ಯ, ಪ್ರಭು — ಹೋದ ದೀಪಾವಳಿಗೆ ಅವಳ ಕೈಯಿಂದ ಪಾಯಸದ ಲೋಟ ಜಾರಿದಾಗ ನೀವಿಬ್ಬರೂ "ಲೂಸ್ ಕೈ ಅತ್ತೆಜ್ಜಿ" ಎಂದು ನಕ್ಕಿರಿ. ನಿಮ್ಮನ್ನು ಬೈಯುತ್ತಿಲ್ಲ. ಆ ಮಾತು ನೀವು ಹುಟ್ಟುವ ಮೊದಲೇ ನಮ್ಮ ನೆಂಟರ ಮನೆಗಳಲ್ಲೆಲ್ಲ ಓಡಾಡುತ್ತಿತ್ತು. ಅವಳೂ ನಿಮ್ಮೊಂದಿಗೆ ನಕ್ಕಳು. ನಾನು ನೆಲ ಒರೆಸುವ ನೆಪದಲ್ಲಿ ಬಗ್ಗಿದೆ — ಒರೆಸಿದ್ದನ್ನೇ ಮತ್ತೆ ಒರೆಸುತ್ತ...

ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿಮಗೇ ಗೊತ್ತು. ಬೆಟ್ಟದ ಊರಿನ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಉಳಿದಿದೆ. ನಿಮಗೆ ಈ ಅಕ್ಷರ ಬಾರದು. ನಿಮ್ಮ ಅಮ್ಮ ಓದಿ ಹೇಳುತ್ತಾಳೆ. ಅವಳೂ ಇದನ್ನು ಮೊದಲ ಸಲ ಕೇಳುತ್ತಿದ್ದಾಳೆ.

ಆಗ ನಾವು ಕೊಯಮತ್ತೂರಿನ ಹತ್ತಿರದ ತುಡಿಯಲೂರಿನಲ್ಲಿದ್ದೆವು. ನಾನು ಮದುವೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ರುಕ್ಕಮ್ಮ ನಿಮ್ಮ ತಾತನ ಅಕ್ಕ, ನನಗೆ ಅತ್ತಿಗೆ. ಗಂಡನನ್ನು ಎಳೆ ವಯಸ್ಸಿನಲ್ಲೇ ಕಳೆದುಕೊಂಡು ತಮ್ಮನ ಮನೆಯಲ್ಲೇ ಇದ್ದಳು. ತೋಟದ ಪಂಪ್‌ಸೆಟ್ಟುಗಳಿಗೆ ಸ್ಟಾರ್ಟರ್ ಪೆಟ್ಟಿಗೆ ಜೋಡಿಸುವ ಒಂದು ಸಣ್ಣ ಶೆಡ್ಡಿನಲ್ಲಿ ಅವಳಿಗೆ ಕೆಲಸ. ಮನೆಯ ಮೂಲೆಯಲ್ಲಿ ಸೆರಗು ಹಿಡಿದು ಕೂರುತ್ತಿದ್ದ ನನ್ನನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದವಳು ಅವಳೇ. ಬಸ್ಸು ಹತ್ತುವುದನ್ನು, ತಮಿಳಿನಲ್ಲಿ ಎದುರುಮಾತು ಆಡುವುದನ್ನು, ತಂತಿ ಸುಲಿಯುವುದನ್ನು — ಎಲ್ಲವನ್ನೂ ಕಲಿಸಿದವಳೂ ಅವಳೇ.

ಕೆಲಸ ಇಷ್ಟೇ. ತಂತಿಯ ತುದಿ ಸುಲಿದು, ಅದಕ್ಕೆ ಲಗ್ ಎಂಬ ತಾಮ್ರದ ಚಿಕ್ಕ ಕೊಳವೆ ತೊಡಿಸಿ, ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು. ಆ ಟೂಲು ನೋಡಲು ಇಕ್ಕಳದ ಹಾಗೆ. ತಂತಿಯ ಎಳೆ ಒಂದೂ ಹೊರಗುಳಿಯಬಾರದು, ಮೇಲಿನ ಹೊದಿಕೆ ಒಳಗೆ ಸಿಕ್ಕಬಾರದು. ಒತ್ತಿದ ಮೇಲೆ ಎಳೆದು ನೋಡಬೇಕು. ಸರಿಯಾಗಿ ಒತ್ತಿದರೆ ತಂತಿ, ಲಗ್ ಎರಡೂ ಒಂದೇ ಆಗಿಬಿಡುತ್ತವೆ. ಅರೆಬರೆ ಒತ್ತಿದರೆ — ಹೊರಗಿಂದ ಚೆನ್ನಾಗೇ ಕಾಣುತ್ತದೆ. ಕರೆಂಟು ಹರಿಯುತ್ತ ಹರಿಯುತ್ತ ಅಲ್ಲಿ ಬಿಸಿಯೇರುತ್ತದೆ, ಒಂದು ದಿನ ಸುಡುತ್ತದೆ.

ಹಳೆಯ ಟೂಲುಗಳಲ್ಲಿ ಎಷ್ಟು ಒತ್ತಬೇಕೆಂಬುದು ಕೈಯ ಲೆಕ್ಕ. ಒಂದು ದಿನ ಕೊಯಮತ್ತೂರಿನಿಂದ ಒಬ್ಬ ಮಾರಾಟಗಾರ ಮೂರು ಹೊಸ ಬಗೆಯವನ್ನು ತಂದು ಮೇಜಿನ ಮೇಲಿಟ್ಟ. ಮೊದಲಾಳಿ — ಮಾಲೀಕರನ್ನು ಅಲ್ಲಿ ಹಾಗೆ ಕರೆಯುತ್ತಿದ್ದರು — ಒತ್ತುವವರೇ ಆರಿಸಲಿ ಎಂದರು. ಮಾರಾಟಗಾರನ ಹೊಗಳಿಕೆ ಮುಗಿಯುವವರೆಗೂ ಅತ್ತಿಗೆ ಕಾಯಲಿಲ್ಲ. ಮೂರರಲ್ಲೂ ಒಂದೊಂದು ಲಗ್ ಒತ್ತಿ, ತಂತಿಯನ್ನು ಬೆರಳಿಗೆ ಸುತ್ತಿ ಎಳೆದಳು. ಹಗುರವಾದದ್ದರಲ್ಲಿ ಒತ್ತಿದ್ದು ಕಿತ್ತು ಬಂತು. ಆ ಟೂಲನ್ನು ಅವನ ಕೈಗೇ ಕೊಟ್ಟು, ಮನೆಯಲ್ಲಿ ಹಪ್ಪಳ ಸುಡಲು ಇಟ್ಟುಕೊಳ್ಳಿ ಸಾರ್ ಎಂದಳು. ಶೆಡ್ಡೆಲ್ಲ ನಕ್ಕಿತು. ಇನ್ನೊಂದರ ಹಿಡಿಕೆ ನಮ್ಮ ಕೈಗೆ ತೀರ ಅಗಲ. ಮೂರನೆಯದು ರ‍್ಯಾಚೆಟ್ ಇರುವುದು: ಹಿಡಿಕೆ ಅದುಮಿದಂತೆ ಒಳಗೆ ಹಲ್ಲುಗಳು ಕಟಕಟ ಎಂದು ಒಂದೊಂದಾಗಿ ಸಿಕ್ಕಿಕೊಳ್ಳುತ್ತವೆ, ಪೂರ್ತಿ ಒತ್ತುವವರೆಗೆ ಬಾಯಿ ತೆರೆಯುವುದೇ ಇಲ್ಲ. ಸಣ್ಣ, ನಡು, ದಪ್ಪ ತಂತಿಗಳಿಗೆ ಬೇರೆ ಬೇರೆ ಗೂಡು. ಕೆಂಪು, ನೀಲಿ, ಹಳದಿ ಚುಕ್ಕೆಯ ಗುರುತು.

"ಇದೇ ಆಗ್ಲಿ. ಮನಸ್ಸು ಅಡುಗೆಮನೇಲಿದ್ರೂ ಇದು ಬಿಡೋದಿಲ್ಲ," ಎಂದಳು.

ಮೊದಲಾಳಿ ಒಂದನ್ನೇ ಕೊಂಡರು. ಅದು ಹಿರಿಯಳಾದ ಅವಳಿಗೆ ಸಲ್ಲಬೇಕಿತ್ತು. ಅವಳು ನನ್ನ ಮುಂದಿಟ್ಟಳು. "ನಿನ್ನ ಕೈ ಸಣ್ಣದು, ಕಣ್ಣು. ಇದ್ನ ನೀನೇ ಹಿಡ್ಕೋ. ನನಗೆ ಆ ಹಳೇದೇ ಪೋದುಂ."

ಕಣ್ಣು ಎಂದು ತಮಿಳರ ಹಾಗೆ ಮುದ್ದಿಗೆ ಕರೆದು, ಪೋದುಂ — ಸಾಕು ಎಂದಳು. ಆ ಮಾತನ್ನು ನೆನೆದರೆ ಇವತ್ತಿಗೂ...

ಅಂದು ಮೇಜಿನ ಮೇಲಿದ್ದದ್ದು ಮಾದರಿ ಮಾತ್ರ. ನಮ್ಮ ಟೂಲನ್ನು ತಲುಪಿಸಿದ ದಿನ ಮೊದಲಾಳಿ ಊರಲ್ಲಿರಲಿಲ್ಲ, ಅತ್ತಿಗೆ ಪೆಟ್ಟಿಗೆ ಜೋಡಿಸುವ ಕಡೆಗಿದ್ದಳು. ಮಾರಾಟಗಾರ ಹಿಡಿಕೆಯ ಸಂದಿಯಲ್ಲಿದ್ದ ಸನ್ನೆಯಂಥ ಪುಟ್ಟ ಮೀಟೆಯೊಂದನ್ನು ನನಗೆ ತೋರಿಸಿದ. ತಪ್ಪು ಲಗ್ ಸಿಕ್ಕಿಕೊಂಡರೆ ಇದನ್ನು ಉಗುರಿನಿಂದ ನೂಕಿದರೆ ಸಾಕು, ನಡುವೆಯೇ ಬಾಯಿ ಬಿಡುತ್ತದೆ. ಆದರೆ ಆ ಲಗ್ಗನ್ನು ಕತ್ತರಿಸಿ ಎಸೆಯಲೇಬೇಕು ಎಂದ. ತಲೆಯಾಡಿಸಿದೆ. ಯಾರಿಗೂ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ, ಯಾರೂ ಕೇಳಲಿಲ್ಲ — ಮೊದಲಿಗೆ ಅಷ್ಟೇ.

ಆಮೇಲೆ ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದ. ತಿಂಗಳು ತುಂಬುತ್ತ ಬಂದಂತೆ ಮಣಿಕಟ್ಟು ಊದಿತು, ಬೆರಳುಗಳು ಜೋಮು ಹಿಡಿದವು. ಸಣ್ಣ ತಂತಿ ಹೇಗೋ ಒತ್ತುತ್ತಿದ್ದೆ. ಹಳದಿ ಚುಕ್ಕೆಯ ಗೂಡಿನಲ್ಲಿ, ಆ ದಪ್ಪ ತಂತಿಯನ್ನು ಕೊನೆಯ ಹಲ್ಲಿನವರೆಗೆ ಒತ್ತುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಹೇಳಿದ್ದರೆ ಅತ್ತಿಗೆ ತಾನೇ ಒತ್ತಿಕೊಡುತ್ತಿದ್ದಳು. ಹೇಳಲಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾರೆ, ಮತ್ತೆ ಆ ಮೂಲೆ... ಆ ಬೆಂಚಿನ ಮೇಲೆ ನಾನೂ ಒಬ್ಬಳು ಮನುಷ್ಯಳಾಗಿದ್ದೆ, ಅದನ್ನು ಬಿಡಲು ಮನಸ್ಸಿರಲಿಲ್ಲ. ಒಂದು ದಿನ ಮುಕ್ಕಾಲು ಒತ್ತಿ, ಉಗುರಿನಿಂದ ಮೀಟೆ ನೂಕಿದೆ. ಬಾಯಿ ಬಿಟ್ಟಿತು. ಮೆಲ್ಲಗೆ ಎಳೆದು ನೋಡಿದೆ — ಮೆಲ್ಲಗೆ. ಲಗ್ ಕದಲಲಿಲ್ಲ. ಕತ್ತರಿಸಿ ಎಸೆಯದೆ ಬುಟ್ಟಿಗೆ ಹಾಕಿದೆ. ಮರುದಿನ ಕೈ ತಾನಾಗಿಯೇ ಆ ಮೀಟೆಗೆ ಹೋಯಿತು.

ಸ್ವಲ್ಪ ಕಾಲಕ್ಕೆ ಅನ್ನೂರಿನ ಕಡೆಯ ರೈತರೊಬ್ಬರು ಸ್ಟಾರ್ಟರ್ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಒಳಗೆಲ್ಲ ಸುಟ್ಟು ಕರಕಲು. ಮೋಟರು ಹಾಕಲು ಹೋದ ಅವರ ಹೆಂಡತಿಯ ಬೆರಳು ಸುಟ್ಟಿತ್ತು. ಅವರು ಕೂಗಾಡಲಿಲ್ಲ. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಅವಳ ಬಲಗೈ ಎಂದಷ್ಟೇ ಹೇಳಿ ಕೂತರು. ಆ ಹೆಂಗಸಿನ ಹೆಸರನ್ನೂ ನಾನು ಕೇಳಲಿಲ್ಲ. ಇಂದಿಗೂ ಗೊತ್ತಿಲ್ಲ.

ಮೊದಲಾಳಿ ದಪ್ಪ ತಂತಿಯನ್ನು ಹಿಡಿದೆಳೆದರು. ಮಸಿ ಹಿಡಿದ ಲಗ್ ಎರಡು ಬೆರಳಿಗೆ ಬಂದುಬಿಟ್ಟಿತು, ಅದರ ಮೇಲೆ ಯಾವ ಟೂಲಿನ ಗುರುತೂ ಉಳಿದಿರಲಿಲ್ಲ. ದಪ್ಪ ತಂತಿ ಒತ್ತುತ್ತಿದ್ದವರು ನಾನು, ಅತ್ತಿಗೆ — ಇಬ್ಬರೇ. ಅವರು ನನ್ನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು: ನೀನು ಹೊಸದರಲ್ಲೇ ತಾನೇ ಒತ್ತುವುದು?

"ಆಮಾಂಗಣ್ಣಾ," ಎಂದೆ. ಹೌದು ಅಣ್ಣಾ. ಅಷ್ಟೇ.

ಆ ಮಾತು ನಿಜವೇ. ನಿಜವಾದದ್ದರಿಂದಲೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಹೊಸದು ಪೂರಾ ಒತ್ತದೆ ಬಿಡುವುದೇ ಇಲ್ಲವಲ್ಲ ಎಂದು ಮೊದಲಾಳಿ ತಮಗೆ ತಾವೇ ಹೇಳಿಕೊಂಡು ಅತ್ತಿಗೆಯನ್ನು ನೋಡಿದರು. ಎಲ್ಲರೂ ನೋಡಿದರು. ಅವಳು ತನ್ನ ಹಳೆಯ ಟೂಲನ್ನು ಎತ್ತಿ, ಮುಚ್ಚಿ, ತೆರೆದು, ಬೆಳಕಿಗೆ ಹಿಡಿದು ನೋಡಿದಳು. "ನನಗೇ ಕೈ ಸೋತಿರಬೇಕು," ಎಂದಳು. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಆಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ — ಇಲ್ಲ, ಬಿಡುತ್ತಿರಲಿಲ್ಲ. ಇಲ್ಲಿಯೂ ಸುಳ್ಳು ಬರೆಯಬಾರದು.

ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಶೆಡ್ಡಿನಲ್ಲಿ ಹುಟ್ಟಿದ "ಲೂಸ್ ಕೈ" ಎಂಬ ಹೆಸರು ನೆಂಟರ ಮನೆಗಳಿಗೂ ಹಬ್ಬಿತು. ಆ ಸಲ ಕಳಿಸಿದ್ದ ಉಳಿದ ಪೆಟ್ಟಿಗೆಗಳನ್ನು ಮೊದಲಾಳಿ ವಾಪಸು ತರಿಸಿ, ದಪ್ಪ ಲಗ್ಗುಗಳನ್ನೆಲ್ಲ ಹೊಸದಾಗಿ ಒತ್ತಲು ನನಗೇ ಕೊಟ್ಟರು. ನಂಬಿಕೆಯ ಕೈ ಎಂದು. ಸುಡದ ಲಗ್ಗುಗಳ ಮೇಲೆ ಎರಡು ಟೂಲಿನ ಗುರುತೂ ಬೇರೆ ಬೇರೆ, ನನಗೆ ಗೊತ್ತಾಗುತ್ತಿತ್ತು. ಅವಳು ಒತ್ತಿದವನ್ನು ನೋಯುವ ಕೈಯಿಂದಲೇ ಜಗ್ಗಿದೆ, ಜೋತುಬಿದ್ದೆ. ಒಂದೂ ಬರಲಿಲ್ಲ. ನನ್ನವು ಬಂದವು. ಬಂದವನ್ನು ಕತ್ತರಿಸಿ ಗುಜರಿ ಡಬ್ಬಿಗೆ ಹಾಕಿದೆ, ಅವಳವನ್ನೂ ಕತ್ತರಿಸಿ ಅದೇ ಡಬ್ಬಿಗೆ ಹಾಕಿದೆ.

ಆಗಲೂ ಹೇಳಬಹುದಿತ್ತು.

ನಿಮ್ಮ ಅಪ್ಪ ಹುಟ್ಟಿದ. ಹೆಸರಿಡುವ ದಿನ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕಬೇಕಾದವಳು ಸೋದರತ್ತೆ. ಅವಳು ಹೊಸ ಸೀರೆ ಉಟ್ಟು ಬಂದು ತೊಟ್ಟಿಲ ಹತ್ತಿರ ನಿಂತಳು, ಕೈ ಮುಂದೆ ಮಾಡಲಿಲ್ಲ. "ಬೇಡಮ್ಮಾ. ನನ್ನ ಕೈ ನಂಬಬೇಡಿ. ಬೇರೆ ಯಾರಾದ್ರೂ ಹಾಕ್ಲಿ." ನೆಂಟರಲ್ಲಿ ಯಾರೋ ಕಿಸಕ್ಕೆಂದರು. ನಿಮ್ಮ ತಾತ ಅಕ್ಕನನ್ನು ಬಲವಂತ ಮಾಡಲಿಲ್ಲ. ಅವರಿಗೂ ಒಳಗೊಳಗೆ ಭಯವಿತ್ತು. ಮಗುವನ್ನು ಎದೆಗವಚಿಕೊಂಡು ನಾನು ಅಲ್ಲೇ ಕೂತಿದ್ದೆ. ಕೊನೆಗೆ ದೂರದ ಯಾರೋ ಹಾಕಿದರು. ಅಂದಿನಿಂದ ಅವಳು ಯಾರ ಮಗುವನ್ನೂ ನಿಂತು ಎತ್ತಿಲ್ಲ. ನಿಮ್ಮನ್ನೂ ಅಷ್ಟೇ — ಕೂತು, ಮಡಿಲಿಗೆ ಹಾಕಿಸಿಕೊಳ್ಳುತ್ತಿದ್ದಳು. ನಿಮ್ಮ ತಾತ ಇದನ್ನು ತಿಳಿಯದೆಯೇ ಹೋದರು.

ಇಷ್ಟು ಬರೆದಿಟ್ಟು, ಮೊನ್ನೆ ಯಾರಿಗೂ ಹೇಳದೆ ಶರವಣಂಪಟ್ಟಿಯ ನಮ್ಮ ಈ ಮನೆಯಿಂದ, ಅವಳು ಈಗಲೂ ಇರುವ ತುಡಿಯಲೂರಿಗೆ ಹೋದೆ. ಅವಳು ನುಗ್ಗೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎದುರು ಕೂತು ನಾನೂ ಒಂದು ಕಡ್ಡಿ ತೆಗೆದುಕೊಂಡೆ. ಮೀಟೆಯ ವಿಷಯ, ಮಣಿಕಟ್ಟು, ಗುಜರಿ ಡಬ್ಬಿ — ತಲೆ ಎತ್ತದೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಕಡ್ಡಿಯ ಸೊಪ್ಪನ್ನು ಬಿಡಿಸಿ ಮುಗಿಸಿ ಕೇಳಿದಳು:

"ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?"

ಹೌದು ಅತ್ತಿಗೆ, ಎಂದೆ.

"ನಾನೇ ನಂಬ್ಬಿಟ್ಟಿದ್ದೆ," ಎಂದಳು.

ಈ ಹಾಳೆಗಳನ್ನು ಚೀಲದಿಂದ ತೆಗೆದು ಮುಂದಿಟ್ಟೆ, ಎಲ್ಲ ಬರೆದಿದ್ದೇನೆ ಎಂದೆ. ಅವಳು ಮುಟ್ಟಲಿಲ್ಲ. "ಇದ್ನ ಓದೋಕೆ ನನಗೆ ಬರ್ತದಾ? ಅವರು ನನಗೆ ಹೆಸರಿಟ್ಟಿದ್ದು ಬಾಯಲ್ಲಿ. ನೀನೂ ಬಾಯಲ್ಲೇ ಹೇಳು. ಎಲ್ರೂ ಇರೋವಾಗ." ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಕಾಫಿ ಕುಡಿದು ಹೋಗು ಎನ್ನಲಿಲ್ಲ. ನಾನು ಹೊಸಿಲ ಹತ್ತಿರ ಸ್ವಲ್ಪ ನಿಂತು ಬಸ್ಸಿಗೆ ಬಂದೆ.

ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ಮನೆದೇವರ ಪೂಜೆಗೆ ನೆಂಟರೆಲ್ಲ ಸೇರುತ್ತಾರೆ. ಅವಳೂ ಬರುತ್ತಾಳೆ ಎಂದುಕೊಂಡಿದ್ದೇನೆ, ಬಾರದಿದ್ದರೂ ಹೇಳುತ್ತೇನೆ. ಎಲೆ ಹಾಕುವ ಮೊದಲು ಎದ್ದು ನಿಲ್ಲುತ್ತೇನೆ. ನನ್ನ ಧ್ವನಿ ನಿಂತುಹೋದರೆ ಕಾಯಿರಿ, ನನ್ನ ಬದಲು ನೀವು ಹೇಳಲು ಹೋಗಬೇಡಿ. ನೀರು ತಂದು ಕೊಡಬೇಡಿ. ಇನ್ನೂ ಒಂದು ಮಾತು — ಪಾಪ, ಆಗ ಬಸುರಿ, ಕೈ ನೋಯುತ್ತಿತ್ತು ಎಂದು ಯಾರಾದರೂ ಶುರುಮಾಡಿದರೆ, ನನ್ನ ಮೊಮ್ಮಕ್ಕಳಾದ ನೀವೇ ಅವರನ್ನು ತಡೆಯಬೇಕು.