ಹೊಳೆಯಿಂದ ಎದ್ದು ಬಂದ ಅಣ್ಣ

ಆಪರೇಟರ್ ಒಳ್ಳೆಯ ಮನುಷ್ಯ. ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯ ಸೆಕೆಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವನು. ಅವನಿಗಿದ್ದದ್ದು ಒಂದೇ ಚಾಳಿ. ಕೊನೆಯ ಆಟಕ್ಕೂ ಕೊನೆಯ ಬಸ್ಸಿಗೂ ತಾಳೆಯಾಗದಿದ್ದರೆ, ಬಸ್ಸಿಗಂತೂ ಕತ್ತರಿ ಹಾಕುವ ಹಾಗಿಲ್ಲವಲ್ಲ, ಸಿನಿಮಾಕ್ಕೆ ಹಾಕುತ್ತಿದ್ದ. ಕೊನೆಯ ರೀಲಿನಿಂದ ಒಂದು ತುಂಡು ತೆಗೆದು, ತುದಿಗಳಿಗೆ ಅಂಟು ಹಚ್ಚಿ ಜೋಡಿಸಿದರೆ ನೋಡುವವರಿಗೆ ಗೊತ್ತೇ ಆಗದು. ಪ್ರಿಂಟ್ ವಾಪಸು ಕಳಿಸುವಾಗ ತುಂಡನ್ನು ಮತ್ತೆ ಸೇರಿಸಿಬಿಟ್ಟರೆ ದೇವರಿಗೂ ಸುಳಿವು ಸಿಗದು.

ಅಣ್ಣ-ತಂಗಿಯ ಆ ಸಿನಿಮಾಕ್ಕೂ ಹಾಗೇ ಮಾಡಿದ್ದ. ಸೇತುವೆ ಮುರಿದು ಅಣ್ಣ ಹೊಳೆಗೆ ಬೀಳುತ್ತಾನೆ, ತಂಗಿ ದಡದಲ್ಲಿ ನಿಂತು ಅಳುತ್ತಾಳೆ, ಮುಗಿಯಿತು. ಊರಿಗೆ ಊರೇ ಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂತು. ಆಪರೇಟರನಿಗೆ ಬಸ್ಸು ಸಿಕ್ಕಿತು.

ಅವನ ಮಗಳು ಆ ಸಿನಿಮಾವನ್ನು ಪುಕ್ಕಟೆ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು. ಅಜ್ಜಿಯ ಊರಿನಲ್ಲಿ ನೋಡಿಬಂದ ಜೀವದ ಗೆಳತಿ, "ಅಣ್ಣ ಸಾಯಲ್ಲ ಕಣೆ, ಈಜಿ ವಾಪಸ್ ಬರ್ತಾನೆ" ಎಂದಾಗ, "ಇಲ್ಲಿ ಸಿನಿಮಾ ಓಡಿಸಿದ್ದೇ ನಮ್ಮಪ್ಪ. ನೀನು ಸುಳ್ಳುಬುರುಕಿ" ಎಂದು ಇಡೀ ಕ್ಲಾಸಿನ ಮುಂದೆ ಅವಳ ನೀರಿಳಿಸಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಪರೇಟರ್ ಇದನ್ನು ಕೇಳಿ, "ಮಕ್ಕಳ ಜಗಳ" ಎಂದು ತಟ್ಟೆಯತ್ತ ಮುಖ ತಗ್ಗಿಸಿದ್ದ. ಬಾಯಿ ಬಿಟ್ಟರೆ ಮಗಳ ಕಣ್ಣಲ್ಲಿ ಸಣ್ಣವನಾಗುತ್ತೇನೆಂಬ ಭಯ.

ಈಗ ಮಗಳಿಗೆ ಅವಳ ಸೋದರಮಾವ ಟಿವಿಗೆ ಸಿಕ್ಕಿಸುವ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದ, ಜೊತೆಗೆ ಕ್ಯಾಸೆಟ್ಟಿನಲ್ಲಿ ಅದೇ ಸಿನಿಮಾದ ಗೇಮ್. ಗೇಮನ್ನು ಕಂಪ್ಯೂಟರಿಗೆ ಇಳಿಸುತ್ತಾ ಕ್ಯಾಸೆಟ್ಟು ಕಿರ್ರೆಂದು ಅರಚಿ ಸುಮ್ಮನಾಗುವಷ್ಟರಲ್ಲಿ ಮನೆಯವರ ಭಾನುವಾರದ ಊಟವೇ ಮುಗಿದಿತ್ತು. ಅಣ್ಣನೆಂದರೆ ಇಟ್ಟಿಗೆ ಪೇರಿಸಿದಂಥ ನೀಲಿ ಗೊಂಬೆ. ತಂಗಿ ಅದಕ್ಕಿಂತ ಗಿಡ್ಡ, ಕೆಂಪು. ಹಾಡು ಸಿನಿಮಾದ್ದೇ, ಯಾರೋ ಮೂಗು ಹಿಡಿದುಕೊಂಡು ಹಾಡಿದ ಹಾಗೆ.

"ಇದೇನ್ರೀ, ಹೀರೋಗೆ ಮೂತಿನೇ ಇಲ್ಲ" ಎಂದಳು ಹೆಂಡತಿ. ಆಪರೇಟರ್ ನಕ್ಕ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸೇತುವೆ ಮುರಿದು ನೀಲಿ ಗೊಂಬೆ ಹೊಳೆಗೆ ಬಿತ್ತು. ಕತೆ ಮುಗಿಯಿತೆಂದು ಮಗಳು ಕೀಲಿಗಳಿಂದ ಕೈ ತೆಗೆದಳು. ಗೊಂಬೆ ನೀರಿನಲ್ಲಿ ಕೈ ಬಡಿಯುತ್ತಾ ಸ್ವಲ್ಪ ಹೊತ್ತು ಕಾದು ಮುಳುಗಿತು. ಮತ್ತೆ ಆಡಿದಳು, ಮತ್ತೆ ಮುಳುಗಿತು.

"ಈ ಗೇಮ್ ಮಾಡಿದವ್ರಿಗೆ ಕತೆನೇ ಗೊತ್ತಿಲ್ಲ. ಅಲ್ವಾಪ್ಪ?"

ಹೌದು ಎಂದುಬಿಟ್ಟರೆ ಆಪರೇಟರ್ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಾಚಿಕೆ ಬಿಡಲಿಲ್ಲ. ಗೊಂಬೆ ಇನ್ನೊಮ್ಮೆ ನೀರಿಗೆ ಬಿತ್ತು.

"ಈಜಿಸು," ಎಂದ. "ಬಲಗಡೆ ದಡದಲ್ಲಿ ಒಂದು ಬೇರು ಇರತ್ತೆ. ಅದನ್ನ ಹಿಡ್ಕೊಂಡು ಹತ್ತಿಸಬೇಕು."

ಬೇರು ಅಲ್ಲೇ ಇತ್ತು. ಅಣ್ಣ ದಡ ಹತ್ತಿದ. ಕೆಂಪು ತಂಗಿ ಓಡಿಬಂದಳು. ಮಗಳು ನಿಧಾನವಾಗಿ ತಿರುಗಿದಳು.

"ನಿಂಗೆ ಹೇಗೆ ಗೊತ್ತು?"

"ಆ ತುಂಡು ಕತ್ತರಿಸಿದ್ದು ನಾನೇ. ಬಸ್ಸಿಗೆ ಹೊತ್ತಾಗ್ತಿತ್ತು."

"ಹಾಗಾದ್ರೆ ನಾನು ಅಷ್ಟೊಂದು ಅತ್ತಿದ್ದು ದಂಡ" ಎಂದಳು ಹೆಂಡತಿ. ಯಾರೂ ನಗಲಿಲ್ಲ.

ಮಗಳು ಟಿವಿ ಆರಿಸಿದಳು. ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ಅವಳ ಮನೆಗೆ ಹೋಗ್ತೀನಿ. ನೀನೂ ಬಾ, ಅವಳು ಸುಳ್ಳು ಹೇಳಿರಲಿಲ್ಲ ಅಂತ ನೀನೇ ಹೇಳು."

ಆಪರೇಟರ್ ಎದ್ದ. ಹೊಸ್ತಿಲ ಬಳಿ ಅವಳು ತಡೆದು ನಿಂತಳು.

"ಅಪ್ಪ, ನಾನು ನೋಡಿದ ಸಿನಿಮಾಗಳಲ್ಲಿ ಇನ್ನೂ ಯಾರ್ಯಾರು ಬದುಕಿದ್ದಾರೆ?"

ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ ಆಪರೇಟರ್ ಬೇಗ ಮೇಲೇಳಲಿಲ್ಲ.