ಬೆನ್ನಿಗೊಂದು ಹಲಗೆ

ನನಗೆ ಎಣಿಸುವ ಚಟವಿದೆ. ಜಮಖಂಡಿಯ ಬಸ್ ಸ್ಟ್ಯಾಂಡಿನಿಂದ ನಮ್ಮ ಆಸ್ಪತ್ರೆಗೆ ಎಷ್ಟು ಹೆಜ್ಜೆ, ವಾರ್ಡಿನಲ್ಲಿ ದಿನಕ್ಕೆ ಎಷ್ಟು ಸಲ 'ಸಿಸ್ಟರ್' ಎಂಬ ಕೂಗು, ಅದರಲ್ಲಿ ಎಷ್ಟು ಸಲ ನಾನು 'ಬಂದೆ' ಎಂದು ಹೇಳಿ ಹೋಗಲಿಲ್ಲ, ಎಲ್ಲವೂ ಡೈರಿಯಲ್ಲಿ ಗೀಟು ಗೀಟಾಗಿ ನಿಂತಿವೆ. ಕೊನೆಯದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಅದೇ ಡೈರಿಯಲ್ಲಿ ಒಂದು ಸೋಮವಾರ 'ಹೊಸ ಗಾದಿ, ಎಂಟು' ಎಂದಿದೆ. ಯಾರೋ ಪುಣ್ಯಾತ್ಮರು ತಾಯಿಯ ನೆನಪಿಗೆ ಕೊಟ್ಟದ್ದು. ನಮ್ಮ ಕಡೆ ಆಸ್ಪತ್ರೆಗೆ ಏನು ಕೊಟ್ಟರೂ ಹೆಸರು ಬರೆಸಿ ಕೊಡುವುದು ರೂಢಿ. ತಿರುಗುವ ಫ್ಯಾನಿನಲ್ಲಿ ತಮ್ಮ ಹೆಸರು ಓದಲು ಕರೆಂಟ್ ಹೋಗುವುದನ್ನೇ ಕಾಯುತ್ತ ನಿಂತ ದಾನಿಯೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾದಿಗಳು ಬೆಣ್ಣೆಯಂತಿದ್ದವು. ರೋಗಿಗಳಿಗಿಂತ ಮೊದಲು ನಾನೇ ಒಂದರ ಮೇಲೆ ಮಲಗಿ ನೋಡಿದೆ. 'ನಾಲ್ಕು ನಿಮಿಷ' ಎಂದೂ ಬರೆದಿದ್ದೇನೆ.

ಆ ಗುರುವಾರ ನಮಗೆ ಸಿಪಿಆರ್ ತರಬೇತಿ. ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಎದೆಯೊತ್ತಿ ನಾವು ಮಾಡುವುದು. ರಬ್ಬರಿನ ಗೊಂಬೆಯ ಎದೆ ಸಾಕಷ್ಟು ಆಳಕ್ಕೆ ಇಳಿದರೆ ಹಸಿರು ದೀಪ ಹತ್ತುತ್ತದೆ. ನೆಲದ ಮೇಲೆ ಮೂವತ್ತಕ್ಕೆ ಮೂವತ್ತು ದೀಪ ಹತ್ತಿಸಿ ಬೀಗಿದೆ. ಅದೇ ಗೊಂಬೆಯನ್ನು ಹೊಸ ಗಾದಿಯ ಮೇಲೆ ಮಲಗಿಸಿದಾಗ ಒಂಬತ್ತು. ಬೆಳಿಗ್ಗೆ ಒಂದೇ ರೊಟ್ಟಿ ತಿಂದು ಬಂದದ್ದರ ಫಲ ಎಂದುಕೊಂಡೆ.

ನೆಲ ಒರೆಸುತ್ತಿದ್ದ ಗಂಗವ್ವಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. ವಾರ್ಡಿನ ಆಯಾ ಅವರು, ಬನಹಟ್ಟಿಯ ನೇಕಾರರ ಮನೆಯ ಸೊಸೆ.

"ತಂಗೆವ್ವಾ, ಅದರ ಎದಿ ಎಲ್ಲಿ ಇಳಿಯಾಕತ್ತೈತಿ? ಇಡೀ ಗೊಂಬಿನ ಗಾದ್ಯಾಗ ಇಳಿಯಾಕತ್ತೈತಿ. ಮೆತ್ತನ ಗಾದಿ ಮ್ಯಾಲ ಕುಂತು ಮಗ್ಗ ತುಳದ್ರ ಬಟ್ಟಿ ಬರತೈತೇನು?"

ತರಬೇತಿ ಕೊಡಲು ಬಂದಿದ್ದ ಡಾಕ್ಟರು ನಕ್ಕು, "ನಾನು ಅರ್ಧ ತಾಸು ಹೇಳೋದನ್ನ ಈ ಅಕ್ಕಾರು ಒಂದ ಮಾತಿನ್ಯಾಗ ಮುಗಿಸಿದ್ರು" ಎಂದರು. ಒತ್ತಿದ ಬಲದಲ್ಲಿ ಗಾದಿ ತನ್ನ ಪಾಲು ನುಂಗುತ್ತದೆ. ಬೆನ್ನಿನ ಕೆಳಗೆ ಗಟ್ಟಿ ಹಲಗೆ ಇದ್ದರೆ ಒಳ್ಳೆಯದು. ಆದರೆ ಹಲಗೆಗಾಗಿ ಕಾಯುತ್ತ ಒತ್ತುವುದನ್ನು ನಿಲ್ಲಿಸಬಾರದು. ಇಷ್ಟೇ ಪಾಠ.

ಮರುದಿನ ಗಂಗವ್ವಕ್ಕ ಬಸ್ಸಿನಲ್ಲಿ ಒಂದು ಹಲಗೆ ತಂದರು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಹಳೆಯ ಮಗ್ಗದ ಮುಂದೆ ಅವರ ಮಾವ ಕೂಡುತ್ತಿದ್ದ ಹಲಗೆ. ಕೂತು ಕೂತು ಕನ್ನಡಿಯಂತೆ ನುಣುಪಾಗಿತ್ತು. ವಾರ್ಡಿನ ಬಾಗಿಲ ಹಿಂದೆ ನಿಲ್ಲಿಸಿದೆವು. ನನಗೆ ಗಲಗಲಿಯ ಅಜ್ಜಿ ನೆನಪಾದಳು. ಹೊಳೆಯಲ್ಲಿ ಬಟ್ಟೆ ಒಗೆಯುವ ಮೊದಲು ಕಲ್ಲು ಅಲುಗುವುದೇ ಎಂದು ಕಾಲಿನಿಂದ ಒತ್ತಿ ನೋಡುತ್ತಿದ್ದಳು. ಬಡಿಯುವ ಕೈಯನ್ನು ಎಲ್ಲರೂ ಹೊಗಳುತ್ತಾರೆ. ಅಲುಗದೆ ಬಿದ್ದುಕೊಂಡ ಕಲ್ಲಿನ ಕಡೆ ನೋಡುತ್ತಿದ್ದವಳು ಅಜ್ಜಿಯೊಬ್ಬಳೇ.

ಹಲಗೆ ಬಂದ ಹನ್ನೆರಡನೆಯ ದಿನ ಮಧ್ಯಾಹ್ನ, ನಮ್ಮ ವಾರ್ಡಿನ ರೋಗಿ ಸಾವಳಗಿಯ ಮಲ್ಲಪ್ಪಕಾಕಾ ಮಗಳೊಡನೆ ಚಹಾದ ಸಕ್ಕರೆಗಾಗಿ ಜಗಳವಾಡುತ್ತಿದ್ದವರು ಮಾತಿನ ನಡುವೆಯೇ ಒರಗಿದರು. ಕರೆದರೆ ಓಗೊಡಲಿಲ್ಲ. ಉಸಿರಿಲ್ಲ, ನಾಡಿಯಿಲ್ಲ. ನಾನು ಸ್ಟೂಲು ಹತ್ತಿ ಒತ್ತತೊಡಗಿದೆ. ಆ ಬೆಣ್ಣೆಯಂಥ ಗಾದಿ ಕಾಕಾನನ್ನೂ ನನ್ನ ಬಲವನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತಿತ್ತು. ನಾಲ್ಕು ನಿಮಿಷ ಅದರ ಮೇಲೆ ಸುಖಪಟ್ಟಿದ್ದು ನೆನಪಾಗಿ ನಾಚಿಕೆಯಾಯಿತು. ಮೂವತ್ತು ಎಣಿಸಿ ಕೈಯೆತ್ತುವಷ್ಟರಲ್ಲಿ ಗಂಗವ್ವಕ್ಕ ಹಲಗೆ ಹಿಡಿದು ಪಕ್ಕದಲ್ಲಿದ್ದರು.

"ಹೊಳ್ಳಸ್ರಿ!"

ಓಡಿ ಬಂದ ಇಬ್ಬರು ಹೊರಳಿಸಿದರು, ಅವರು ಹಲಗೆ ಸರಿಸಿದರು, ನಾನು ಮತ್ತೆ ಒತ್ತಿದೆ. ಈ ಸಲ ಎದೆ ಇಳಿಯಿತು. ಅಂಗೈಗೆ ಅದು ಗೊತ್ತಾಗುತ್ತದೆ, ದೀಪ ಬೇಕಿಲ್ಲ. ಡಾಕ್ಟರು ಬಂದು ಶಾಕ್ ಕೊಟ್ಟರು. ನಾಡಿ ಮರಳಿತು. ಎಷ್ಟು ಸಲ ಒತ್ತಿದೆನೋ ಡೈರಿಯಲ್ಲಿಲ್ಲ. ಆ ದಿನ ಎಣಿಕೆ ತಪ್ಪಿತು.

ಬದುಕಿಸಿದ್ದು ಹಲಗೆಯೇ ಎಂದು ನಾನು ಹೇಳಲಾರೆ. ಕೈಗಳು ಬಹಳ ಇದ್ದವು, ಶಾಕ್ ಇತ್ತು. ಆದರೆ ಹಲಗೆ ಸಿದ್ಧವಿತ್ತು, ಅದನ್ನು ತಂದಿಟ್ಟವರು ಯಾರೆಂದು ನನಗೆ ಗೊತ್ತು.

ಎರಡು ದಿನದ ಮೇಲೆ ಕಾಕಾ ಮೊದಲು ಕೇಳಿದ್ದು, "ನನ್ನ ಎದಿ ಮ್ಯಾಲ ಟ್ರ್ಯಾಕ್ಟರ್ ಹಾಯಿಸಿದವ್ರು ಯಾರಲೇ?"

"ನಾನಽ ರೀ ಕಾಕಾ."

"ಇಷ್ಟ ಸಣ್ಣಾಕಿ! ಟ್ರ್ಯಾಕ್ಟರಿನ್ಯಾಗ ಕಬ್ಬು ಹೇರಿದ್ಯೇನವಾ?"

ಮನೆಗೆ ಹೋಗುವ ದಿನ ಮಗಳು ಕಣ್ಣೊರೆಸಿಕೊಂಡು, "ಅಪ್ಪನ ಹೆಸರ್ಲೆ ಇನ್ನೂ ಮೆತ್ತನ ಗಾದಿ ಕೊಡ್ತೀವ್ರಿ" ಎಂದಳು.

"ಬ್ಯಾಡವಾ," ಎಂದರು ಗಂಗವ್ವಕ್ಕ, "ಕೊಡೂದಿದ್ರ ಹಲಗಿ ಕೊಡ್ರಿ."

"ಅದರ ಮ್ಯಾಲ ಹೆಸರು ಬರದ್ರ ಯಾರಿಗಿ ಕಾಣತೈತ್ರಿ?"

"ಯಾರಿಗೂ ಕಾಣಬಾರ್ದು. ಅದರ ಮ್ಯಾಲ ಮಲಗೂ ಪಾಳಿ ಯಾರಿಗೂ ಬರಬಾರ್ದು."

ಈಗ ವಾರ್ಡಿನಲ್ಲಿ ಹೆಸರಿಲ್ಲದ ಮೂರು ಹೊಸ ಹಲಗೆಗಳಿವೆ, ನುಣುಪಾದ ಹಳೆಯದೊಂದಿದೆ. ಗಂಗವ್ವಕ್ಕ ದಿನವೂ ನಾಲ್ಕನ್ನೂ ಒರೆಸಿಡುತ್ತಾರೆ. ನಾನು ಡೈರಿಯಲ್ಲಿ ಹೊಸ ಕಾಲಂ ಹಾಕಿದ್ದೇನೆ: ಹಲಗೆಗೆ ಕೆಲಸ ಬೀಳದ ದಿನಗಳು. ಇವತ್ತಿಗೆ ನಲವತ್ತೊಂದು. ಏನೂ ಆಗದ್ದನ್ನು ಇಷ್ಟು ಸಂತೋಷದಿಂದ ನಾನು ಹಿಂದೆಂದೂ ಎಣಿಸಿರಲಿಲ್ಲ.