ಅಕ್ಕನ ರ‍್ಯಾಕೆಟ್ಟಿನ ಹಿಡಿ

ಅಕ್ಕ ಬ್ಯಾಡ್ಮಿಂಟನ್ ಆಡುವುದನ್ನು ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ಕರೆದಾಗಲೆಲ್ಲ ಅಂಗಡಿಯ ನೆಪ ಹೇಳಿದೆ. ನಲವತ್ತು ದಾಟಿದ ಹೆಂಗಸು ಹೊಸದಾಗಿ ರ‍್ಯಾಕೆಟ್ ಹಿಡಿದು ಕುಣಿಯುವುದರಲ್ಲಿ ನೋಡಲಿಕ್ಕೆ ಏನಿದೆ ಎಂಬ ತಾತ್ಸಾರವೇ ನಿಜವಾದ ಕಾರಣ.

ಈ ತಾತ್ಸಾರ ನನಗೆ ಅಂಗಡಿಯಲ್ಲಿ ಅಂಟಿದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೊದಲು ಊರ ಕಡೆಯವರ ಹೋಟೆಲಿನಲ್ಲಿ ಲೋಟ ತೊಳೆದೆ, ಆಮೇಲೆ ಥಾಣೆ ಸ್ಟೇಷನ್ನಿನ ಹತ್ತಿರ ಆಟದ ಸಾಮಾನಿನ ಅಂಗಡಿ ಸೇರಿದೆ. ರ‍್ಯಾಕೆಟ್ಟಿನ ಹಿಡಿಯಿಂದ ಹಳೆ ಗ್ರಿಪ್ ಪಟ್ಟಿ ಕಿತ್ತು ಹೊಸದು ಸುತ್ತುವುದು ನನ್ನ ಕೆಲಸ.

ಗ್ರಿಪ್ ಆರಿಸುವಾಗ ಜನರ ಬುದ್ಧಿ ಹೊರಗೆ ಬರುತ್ತದೆ. ಘೋಡಬಂದರ್ ರಸ್ತೆಯ ದುಬಾರಿ ಫ್ಲಾಟುಗಳ ಟವರುಗಳಿಂದ ಬರುವವರು ಮೊದಲು ಬಣ್ಣ ನೋಡುತ್ತಾರೆ. ಅಂಗೈ ಬೆವರುತ್ತದೋ ಒಣಗಿರುತ್ತದೋ, ಬೆರಳು ಉದ್ದವೋ ಗಿಡ್ಡವೋ ಎಂದು ಕೇಳಿದರೆ, ಅವರ ಜಾತಕ ಕೇಳಿದೆನೇನೋ ಎಂಬ ಹಾಗೆ ನನ್ನ ಮುಖ ನೋಡುತ್ತಾರೆ. ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಬೆಂಗಳೂರಿನವನೊಬ್ಬನಿಗೆ ನಾನು ಕನ್ನಡದವನೆಂದು ಗೊತ್ತಾದ ಮೇಲೆ ಸಲಿಗೆ ಜಾಸ್ತಿ. "ಗುರು, ಶೂಗೆ ಮ್ಯಾಚ್ ಆಗ್ಬೇಕು, ಅಷ್ಟೇ" ಎಂದ. ಮ್ಯಾಚ್ ಮಾಡಿ ಕೊಟ್ಟೆ. ಇನ್ನೊಬ್ಬರು ಹಳೆಯದನ್ನು ಕೀಳಿಸದೆ ಒಂದರ ಮೇಲೊಂದು ಸುತ್ತಿಸಿಕೊಂಡು, ಹಿಡಿಯನ್ನು ಒನಕೆಯಷ್ಟು ದಪ್ಪ ಮಾಡಿಕೊಂಡು, ಮಣಿಕಟ್ಟು ನೋವೆಂದು ಡಾಕ್ಟರ ಹತ್ತಿರ ಹೋಗಿದ್ದರು. ಮತ್ತೊಬ್ಬ ತಾನೇ ಮನೆಯಲ್ಲಿ ಸುತ್ತಿಕೊಂಡು, ಗ್ರಿಪ್ಪಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯದೆಯೇ ಆಡಿ, ಮಾಲು ಜಾರುತ್ತದೆಂದು ಜಗಳಕ್ಕೆ ಬಂದಿದ್ದ. ಇವರೆಲ್ಲ ಓದಿದವರು.

ಕಿತ್ತ ಗ್ರಿಪ್ ನೋಡಿದರೆ ಆಡಿದವನ ಬಗ್ಗೆ ಹೇಳಬಲ್ಲೆ ಎಂದು ನನಗೆ ಜಂಬ. ಹೆಬ್ಬೆರಳು ಎಲ್ಲಿ ಒತ್ತಿದೆ, ಹಿಡಿತ ಎಷ್ಟು ಬಿಗಿ, ಯಾವ ಕೈ, ಎಲ್ಲ ಅದರಲ್ಲಿರುತ್ತದೆ. ಬಲಗೈಯವರಿಗೆ ಪಟ್ಟಿಯನ್ನು ಒಂದು ದಿಕ್ಕಿಗೆ ಸುತ್ತಬೇಕು, ಎಡಗೈಯವರಿಗೆ ಅದರ ಉಲ್ಟಾ. ತಪ್ಪು ದಿಕ್ಕಿಗೆ ಸುತ್ತಿದರೆ ಕೈ ಹೊರಳಿದಾಗಲೆಲ್ಲ ಪಟ್ಟಿಯ ಅಂಚು ಎದ್ದು, ಸುರುಳಿಯಾಗಿ, ಅಂಗೈಯನ್ನು ಉಜ್ಜುತ್ತದೆ.

ಅಕ್ಕ ಬೇಲಾಪುರದ ಆಫೀಸೊಂದರಲ್ಲಿ ಕ್ಲಾರ್ಕು, ಮನೆ ಕಲ್ಯಾಣದಲ್ಲಿ. ಸಂಜೆ ಥಾಣೆಯಲ್ಲಿ ಗಾಡಿ ಬದಲಿಸುವಾಗ ಅಂಗಡಿಗೆ ಬಂದು ರ‍್ಯಾಕೆಟ್ ಕೊಟ್ಟು ಹೋಗುತ್ತಿದ್ದಳು, ಮರುದಿನ ಒಯ್ಯುತ್ತಿದ್ದಳು. ಆಫೀಸಿನ ಹೆಂಗಸರ ಡಬಲ್ಸ್ ಜೋಡಿಯಲ್ಲಿ ಒಬ್ಬಳಾಗಬೇಕೆಂಬುದು ಅವಳ ಆಸೆ. ಬೇರೆ ಯಾವ ಆಸೆಯನ್ನೂ ಅವಳು ಬಾಯಿ ಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಆಯ್ಕೆ ಹತ್ತಿರ ಬಂದಾಗ ಮತ್ತೆ ಮತ್ತೆ ಬಂದಳು. ಗ್ರಿಪ್ ಕೈಯಲ್ಲಿ ನಿಲ್ಲುವುದಿಲ್ಲ, ತಿರುಗುತ್ತದೆ, ಬೇರೆ ತರಹದ್ದು ಹಾಕು ಎಂದಳು. ಟವೆಲ್ ಬಟ್ಟೆಯದು ಹಾಕಿದೆ, ತೂತಿರುವುದು ಹಾಕಿದೆ, ಅಂಟು ಜಾಸ್ತಿ ಇರುವುದು ಹಾಕಿದೆ. ಅವಳ ದೂರು ಮುಗಿಯಲಿಲ್ಲ. ಕೊನೆಗೆ ಗಿರಾಕಿಗಳ ಎದುರೇ ಹೇಳಿದೆ.

"ನಿನ್ನ ಅಂಗೈಯಲ್ಲಿ ನಲ್ಲಿ ಉಂಟಾ ಅಕ್ಕ? ಗ್ರಿಪ್ ಸರಿ ಉಂಟು. ನೀನು ಆಟ ಕಲಿ."

ಶೂಗೆ ಮ್ಯಾಚ್ ಕೇಳಿದವನೂ ಅಲ್ಲಿದ್ದ, ನಕ್ಕ. ಅಕ್ಕನೂ ನಕ್ಕು, ಗಾಡಿ ತಪ್ಪುತ್ತದೆಂದು ಹೊರಟು ಹೋದಳು. ಅವಳ ರ‍್ಯಾಕೆಟ್ಟಿನಿಂದ ಕಿತ್ತ ಪಟ್ಟಿಗಳನ್ನು ಮಾತ್ರ ನಾನು ಎಂದೂ ನೋಡಲಿಲ್ಲ, ಸೀದಾ ಕಸದ ಬುಟ್ಟಿಗೆ ಎಸೆದೆ.

ಒಂದು ಭಾನುವಾರ ಅವಳ ಮನೆಗೆ ಊಟಕ್ಕೆ ಹೋದೆ. ಆಯ್ಕೆ ಮುಗಿದಿತ್ತು. ಅವಳನ್ನು ಬಿಟ್ಟು ಹೊಸದಾಗಿ ಸೇರಿದ ಹುಡುಗಿಯನ್ನು ತೆಗೆದುಕೊಂಡಿದ್ದರು. ಕೊನೆಯ ಆಟದಲ್ಲಿ ರ‍್ಯಾಕೆಟ್ಟೇ ಕೈಯಿಂದ ಹಾರಿ ನೆಟ್ಟಿಗೆ ಬಿತ್ತಂತೆ. ಅದನ್ನೂ ಅವಳು ತಮಾಷೆಯ ಹಾಗೆ ಹೇಳಿದಳು. ಬಲಗೈಯಲ್ಲಿ ಅನ್ನ ಬಡಿಸುತ್ತಿದ್ದಳು. ಪಾತ್ರೆ ಹಿಡಿದಿದ್ದ ಎಡ ಅಂಗೈಗೆ ಬಿಳಿ ಬ್ಯಾಂಡೇಜು ಸುತ್ತಿದ್ದಳು. ಕಾವಲಿ ತಾಗಿತಾ ಎಂದು ಕೇಳಿದೆ.

"ಇಲ್ಲ ಮಾರಾಯ, ನಿನ್ನ ಗ್ರಿಪ್ಪೇ. ಚರ್ಮ ಎದ್ದು ಹೋಗಿದೆ."

"ನೀನು ಎಡಗೈಯಲ್ಲಿ ಆಡುವುದಾ?"

"ಮತ್ತೆ?"

ನನಗೆ ಯಾಕೆ ಹೇಳಲಿಲ್ಲ ಎಂದೆ. ಅವಳು ಸಾರಿನ ಸೌಟು ಎತ್ತಿಕೊಂಡಳು. "ನಿನಗೆ ಹೇಳಿದ್ರೆ ಅಮ್ಮನಿಗೆ ಗೊತ್ತಾಗ್ತದಲ್ಲ."

ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಯಿತು. ಚಿಕ್ಕಂದಿನಲ್ಲಿ ಡೊಂಬಿವಲಿಯ ಚಾಳಿನಲ್ಲಿದ್ದಾಗ ಅಕ್ಕ ಎಡಗೈಯಲ್ಲಿ ಬರೆದರೆ, ಎಡಗೈಯಲ್ಲಿ ತುತ್ತು ಎತ್ತಿದರೆ, ಓಡಿ ಹೋಗಿ ಅಮ್ಮನಿಗೆ ಹೇಳುತ್ತಿದ್ದವನು ನಾನು. ನನಗೆ ಬೆಲ್ಲದ ಚೂರು ಸಿಗುತ್ತಿತ್ತು, ಅವಳಿಗೆ ಬೆರಳ ಗಂಟಿನ ಮೇಲೆ ಸೌಟಿನ ಏಟು. ಅವಳು ಬಲಗೈಗೆ ಒಗ್ಗಿದಳು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಇಷ್ಟು ವಯಸ್ಸಾದ ಮೇಲೆ ಅವಳು ಆ ಕೈಯನ್ನು ಮತ್ತೆ ಹೊರಗೆ ತೆಗೆದಿದ್ದಳು, ನನಗೆ ಬಾಯಿ ಬಿಟ್ಟು ಹೇಳದೆ. ನೋಡಲು ಬಾ ಎಂದು ಕರೆಯುತ್ತಿದ್ದದ್ದು ಅದನ್ನು ತೋರಿಸಲಿಕ್ಕೇ ಇರಬೇಕು.

ಊಟವಾದ ಮೇಲೆ ರ‍್ಯಾಕೆಟ್ ಕೇಳಿದೆ. ಆಯ್ಕೆ ಮುಗಿಯಿತಲ್ಲ, ಇನ್ನು ಯಾಕೆ ಎಂದಳು, ಆದರೂ ತಂದುಕೊಟ್ಟಳು. ಪಟ್ಟಿ ಬಿಚ್ಚಿ ಈ ಸಲ ನೋಡಿದೆ. ಅಂಚು ಉದ್ದಕ್ಕೂ ಸುರುಳಿ ಎದ್ದಿತ್ತು, ಒಂದು ಕಡೆ ರಕ್ತ ಒಣಗಿದ ಕಂದು ಕಲೆ. ಪ್ಲಾಸ್ಟಿಕ್ ಹಾಳೆ ತೆಗೆಯದೆ ಆಡಿದವನೇ ನನಗಿಂತ ವಾಸಿ. ಅವನು ಹಾಳುಮಾಡಿಕೊಂಡದ್ದು ತನ್ನ ಆಟವನ್ನು.

ಅವಳ ಚೀಲದಲ್ಲಿ ಒಂದು ಹೊಸ ಗ್ರಿಪ್ ಇತ್ತು. ಬುಡದಿಂದ ಶುರು ಮಾಡಿ ಉಲ್ಟಾ ದಿಕ್ಕಿಗೆ ಸುತ್ತಿದೆ. ಅಕ್ಕ ಅದನ್ನು ಎಡಗೈಗೆ ತೆಗೆದುಕೊಂಡು, ಬ್ಯಾಂಡೇಜಿನ ಮೇಲೆಯೇ ಒತ್ತಿ ನೋಡಿ, ಸೋಫಾಕ್ಕೂ ಟೀವಿಗೂ ನಡುವೆ ನಿಂತು ಒಮ್ಮೆ ಬೀಸಿದಳು. ಹಿಡಿ ತಿರುಗಲಿಲ್ಲ. ಆಗ ನನ್ನ ಬಾಯಿಂದ ಮಾತು ಹೊರಟಿತು.

"ಅಕ್ಕ, ಗ್ರಿಪ್ ತಪ್ಪು ಸುತ್ತಿದ್ದು ನಾನು. ಅಮ್ಮನ ಹತ್ರ ಚಾಡಿ ಹೇಳ್ತಿದ್ದದ್ದೂ ನಾನೇ. ನಂದು ತಪ್ಪಾಯ್ತು."